ಯಜಮಾನಿಯ ಎಡಗಣ್ಣು

ಏಪ್ರಿಲ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಏಳೂವರೆಗೆ ಕಾರ್ಕಳದಲ್ಲಿ ಪಡುಬಿದ್ರಿಯ ಖಾಸಗಿ ಬಸ್ಸು ಹತ್ತಿದೆ. ಟಿಕೇಟಿಗೆ ನಲವತ್ತೈದು ರೂಪಾಯಿ. ದೂರ ಇಪ್ಪತ್ತೆಂಟು ಕಿಲೋಮೀಟರ್ ಎನ್ನುತ್ತಾರೆ. ಬೆಳ್ಮಣ್ಣಿನಲ್ಲಿ ಹತ್ತು ನಿಮಿಷ ನಿಂತದ್ದೂ ಸೇರಿ ಒಂದು ಗಂಟೆ ಹಿಡಿಯಿತು. ಇಳಿಯುವ ಹೊತ್ತಿಗೆ ಸೆಕೆಯಿಂದ ಅಂಗಿ ಬೆನ್ನಿಗೆ ಅಂಟಿತ್ತು.

ಮನೆಯ ಯಜಮಾನಿಯ ಖಾತೆಗೆ ಸರಕಾರ ತಿಂಗಳಿಗೆ ಹಾಕುವ ಎರಡು ಸಾವಿರ ರೂಪಾಯಿಯ ಕುರಿತು ನಮ್ಮಲ್ಲಿ ಎರಡು ವರದಿಗಳು ಚಾಲ್ತಿಯಲ್ಲಿವೆ. ಪತ್ರಿಕೆಗಳ ಪ್ರಕಾರ ಆ ಹಣದಿಂದ ಬಡವರ ಬದುಕು ಬೆಳಗಿದೆ. ನಮ್ಮ ಕ್ಷೌರದಂಗಡಿಯ ಪ್ರಕಾರ ಹೆಂಗಸರು ಕೆಲಸ ಬಿಟ್ಟು ಕುಳಿತಿದ್ದಾರೆ. ಹೀಗೆ ಹೇಳಿದವರಲ್ಲಿ ಅಂಥ ಒಂದು ಮನೆಯ ಒಳಗೆ ಹೋಗಿ ನೋಡಿದವರು ನನಗೆ ಸಿಕ್ಕಿಲ್ಲ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಮಿಕ್ಕದ್ದನ್ನು ಹೊಲಿಗೆಯಂಗಡಿಯಲ್ಲಿ ಕುಳಿತು ಓದಿಕೊಂಡೆ. ಅಚ್ಚಾದದ್ದೆಲ್ಲ ನಿಜ ಎಂಬ ನಂಬಿಕೆ ಹಾಗೆ ಓದಿದವನಲ್ಲಿ ಉಳಿಯುವುದಿಲ್ಲ.

ಕಳೆದ ವಾರ ಆ ಕ್ಷೌರದಂಗಡಿಯಲ್ಲಿ ಒಬ್ಬರು ಹೆಸರು ಹಿಡಿದೇ ಮಾತಾಡಿದರು. ಎಲ್ಲೂರಿನ ಅಪ್ಪಿ ಪೂಜಾರ್ತಿ ಎಂಬ ಮುದುಕಿ ಸರಕಾರದ ದುಡ್ಡಿನಲ್ಲಿ ಊರೂರು ಮದುವೆ ಊಟ ಉಂಡುಕೊಂಡು ತಿರುಗುತ್ತಾಳಂತೆ. ಆ ಹೆಸರು ನನಗೆ ಗೊತ್ತಿತ್ತು. ತೀರಿಹೋದ ನನ್ನ ಅಕ್ಕನೂ ಅಪ್ಪಿಯಕ್ಕನೂ ಕಾರ್ಕಳದ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷ ಪಕ್ಕಪಕ್ಕ ಕುಳಿತು ಬೀಜ ಒಡೆದವರು. ಮಗ ಎಲ್ಲೂರಿನಲ್ಲಿ ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿಕೊಂಡ ಮೇಲೆ ಅಪ್ಪಿಯಕ್ಕ ಅಲ್ಲಿಗೆ ಹೋಗಿದ್ದರು. ಕಾರ್ಖಾನೆಯಲ್ಲಿದ್ದಾಗ ಯಾರ ಚಹಾದ ಲೋಟಕ್ಕೂ ಕೈ ಚಾಚದಿದ್ದ ಹೆಂಗಸು ಈಗ ಹಾಗೆ ಆಗಿದ್ದಾರೆಯೇ ಎಂದು ನೋಡಲು ಹೊರಟೆ.

ಪಡುಬಿದ್ರಿಯಲ್ಲಿ ಎರಡು ಬನ್ಸ್ ತಿಂದು, ಚಹಾ ಕುಡಿದು ರಿಕ್ಷಾ ಹಿಡಿದೆ. ರಿಕ್ಷಾದವರು ಎಲ್ಲೂರಿಗೆ ಎಂಟು ಕಿಲೋಮೀಟರ್ ಎಂದು ನೂರ ಎಂಬತ್ತು ರೂಪಾಯಿ ತೆಗೆದುಕೊಂಡರು. ನನ್ನ ಅಂದಾಜಿಗೆ ಏಳು. ದೇವಸ್ಥಾನ ದಾಟಿ ಕಾಲುದಾರಿಯಲ್ಲಿ ಇಳಿದರೆ ಕೆಂಪುಕಲ್ಲಿನ ಸಣ್ಣ ಮನೆ. ಎದುರಿನ ಗೋಡೆಗೆ ಮಾತ್ರ ಸಿಮೆಂಟು. ಜಗಲಿಯಲ್ಲಿ ಸೊಸೆ ಪ್ರೇಮ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಕೆಲಸ ಬಿಟ್ಟು ಕುಳಿತವಳಂತೆ ಕಾಣಲಿಲ್ಲ. ಗಂಡ ಮಲ್ಪೆಯ ಬೋಟಿನಲ್ಲಿ ಕಡಲಿಗೆ ಹೋಗಿದ್ದ. ಮಕ್ಕಳಿಬ್ಬರು ರಜೆಯೆಂದು ಅವಳ ತವರಿನಲ್ಲಿದ್ದರು.

ಅಪ್ಪಿಯಕ್ಕ ಒಳಗಿನಿಂದ ಬಂದು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಅವರಿಗೆ ಎಪ್ಪತ್ತೆಂಟು, ನನಗೆ ಎಪ್ಪತ್ತೆರಡು.

"ತಮ್ಮ, ನಿನ್ನ ಹಲ್ಲೆಲ್ಲ ಎಲ್ಲಿ ಹೋಯಿತು ಮಾರಾಯ?" ಎಂದರು. ನಮ್ಮ ಮಾತು ನಡೆದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ಮದುವೆ ಊಟದ ವಿಷಯವನ್ನು ಸುತ್ತಿ ಬಳಸದೆ ಕೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ. ಒಳಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದು ಐದು ಮದುವೆ ಕಾಗದಗಳನ್ನು ನನ್ನ ಮುಂದಿಟ್ಟು, ಮೇಲೆ ಬರೆದದ್ದನ್ನು ಓದು ಎಂದರು. ಐದರ ಮೇಲೂ ಬೇರೆ ಬೇರೆ ಅಕ್ಷರಗಳಲ್ಲಿ ಅವರದೇ ಹೆಸರಿತ್ತು. ಮೊದಲೆಲ್ಲ ಕಾಗದ ಮಗನ ಹೆಸರಿಗೆ ಬರುತ್ತಿತ್ತು, ಮನೆಯಿಂದ ಒಂದು ಕವರು, ಒಬ್ಬರು ಹೋಗಿ ಬರುವುದು. ಹಣ ಬರತೊಡಗಿದ ಮೇಲೆ ಅಪ್ಪಿಯಕ್ಕ ನೆರೆಮನೆಯ ಮದುವೆಗೆ ತಮ್ಮ ಹೆಸರು ಬರೆಸಿ ನೂರು ರೂಪಾಯಿಯ ಕವರು ಕೊಟ್ಟರು. ಮುಂದಿನ ಮದುವೆಗೆ ಆ ಕಡೆಯವರ ಕಾಗದ ಅವರ ಹೆಸರಿಗೇ ಬಂತು. ಒಂದೂವರೆ ವರ್ಷದಲ್ಲಿ ಐದು ಮದುವೆ. ಊರೂರು ತಿರುಗುವುದೆಂದರೆ ಇಷ್ಟೇ.

ಉಳಿದದ್ದನ್ನು ಪ್ರೇಮ ಹೇಳಿದಳು. ಗ್ಯಾಸ್ ಸಿಲಿಂಡರಿಗೆ ಅತ್ತೆ ಕೊಡುತ್ತಿದ್ದರು, ಮಕ್ಕಳ ಚಪ್ಪಲಿಗೆ ಕೊಡುತ್ತಿದ್ದರು. ಮೀನಿನ ಸ್ಕೂಟರಿನವನು ಮೊದಲು ಈ ತಿರುವಿನಲ್ಲಿ ಹಾರ್ನ್ ಕೂಡ ಹಾಕದೆ ಹೋಗುತ್ತಿದ್ದ. ಆಮೇಲೆ ಅಂಗಳದ ಮೂಲೆಗೆ ಬಂದು ಅಪ್ಪಿಯಕ್ಕನನ್ನು ಹೆಸರು ಹಿಡಿದು ಕರೆಯತೊಡಗಿದ. ಇದಕ್ಕೆ ಹಿಂದಿನ ಕಾಲದ ಒಂದು ಸಂಗತಿಯನ್ನು ಅವಳು ದನಿ ತಗ್ಗಿಸಿ ಹೇಳಿದಳು. ಆಗ ಅತ್ತೆಯ ರಕ್ತದೊತ್ತಡದ ಮಾತ್ರೆ ಮುಗಿದು ಹತ್ತು ದಿನ ಆಗಿತ್ತಂತೆ. ಯಾರೊಡನೆಯೂ ಕೇಳಿರಲಿಲ್ಲ. ಬಾವಿಕಟ್ಟೆಯ ಹತ್ತಿರ ತಲೆ ತಿರುಗಿ ಬಿದ್ದ ಮೇಲೆಯೇ ಮನೆಯವರಿಗೆ ಗೊತ್ತಾದದ್ದು.

ಈಗ ಮೂರು ತಿಂಗಳಿಂದ ಹಣ ನಿಂತಿದೆ. ಪಡಿತರ ಚೀಟಿಯಲ್ಲಿ ಹೆಸರಿರುವವರು ಬೆರಳಚ್ಚು ಕೊಡಬೇಕು. ಅಪ್ಪಿಯಕ್ಕನ ಬೆರಳನ್ನು ಯಂತ್ರ ಒಪ್ಪುತ್ತಿಲ್ಲ. ಅವರು ಎರಡೂ ಕೈ ಮುಂದೆ ಚಾಚಿದರು. ಗೇರುಬೀಜದ ಸಿಪ್ಪೆಯಲ್ಲಿರುವ ಸೊನೆ ಚರ್ಮವನ್ನು ಸುಡುತ್ತದೆ. ಕೈಗೆ ಬೂದಿ ಮೆತ್ತಿಕೊಂಡು ಒಡೆದರೂ ಅದು ಬಿಡುವುದಿಲ್ಲ. ಕನ್ನಡಕ ಹಾಕಿ ಬೆಳಕಿಗೆ ಹಿಡಿದು ನೋಡಿದೆ. ಹತ್ತು ಬೆರಳ ತುದಿಗಳೂ ನೀರಿನಲ್ಲಿ ಸವೆದ ಕಲ್ಲಿನಂತೆ ನುಣುಪಾಗಿದ್ದವು. ನನ್ನ ಅಕ್ಕನ ಬೆರಳುಗಳೂ ಹೀಗೆಯೇ ಇದ್ದವೋ ಏನೋ. ನಾನು ಯಾವತ್ತೂ ನೋಡಿರಲಿಲ್ಲ.

ಅತ್ತೆಸೊಸೆ ಮರುದಿನ ಕಾಪುವಿಗೆ ಹೋಗಿ ಮತ್ತೊಮ್ಮೆ ಪ್ರಯತ್ನಿಸುವವರಿದ್ದರು. ಒಟ್ಟಿಗೆ ಬರುತ್ತೇನೆ ಎಂದೆ. ಆ ರಾತ್ರಿ ಕಾಪುವಿನ ಹೆದ್ದಾರಿ ಬದಿಯ ಲಾಡ್ಜಿನಲ್ಲಿ ಏಳುನೂರು ರೂಪಾಯಿ ಕೊಟ್ಟು ಉಳಿದೆ. ಸಂಜೆ ದೀಪಸ್ತಂಭದ ಬುಡದವರೆಗೆ ಹೋಗಿದ್ದೆ, ಹತ್ತಲು ಮೊಣಕಾಲು ಒಪ್ಪಲಿಲ್ಲ.

ಬುಧವಾರ ಒಂಬತ್ತಕ್ಕೆ ಅತ್ತೆಸೊಸೆ ಕಾಪು ಪೇಟೆಯಲ್ಲಿ ಸಿಕ್ಕಿದರು. ಅರ್ಜಿ ತುಂಬುವ ಒಂದು ಸೇವಾ ಕೇಂದ್ರದಲ್ಲಿ ಕುಳಿತಿದ್ದ ಯುವಕ ತಾಳ್ಮೆಯವನೇ. ಒದ್ದೆ ಬಟ್ಟೆಯಿಂದ ಬೆರಳುಗಳನ್ನು ಒರೆಸಿ, ಒಂದೊಂದನ್ನೂ ಮೂರು ಸಲ ಒತ್ತಿಸಿದ. ಪ್ರತಿ ಸಲವೂ ಕೆಂಪು ದೀಪ ಹತ್ತಿತು. ಕೊನೆಗೆ, ಯಜಮಾನಿ ಎಂದು ಸೊಸೆಯ ಹೆಸರು ಹಾಕಿದರೆ ಬೇಗ ಆಗುವ ಕೆಲಸ, ಹಣ ಹೇಗೂ ಇದೇ ಮನೆಗೆ ಬರುತ್ತದೆ ಎಂದು ಸಲಹೆ ಕೊಟ್ಟ.

"ನಾನು ಇರುವಾಗ ನನ್ನ ಹೆಸರು ತೆಗೆಯುವುದು ಎಂತಕ್ಕೆ?" ಎಂದರು ಅಪ್ಪಿಯಕ್ಕ.

ಯುವಕ ಪ್ರೇಮಳ ಮುಖ ನೋಡಿದ. ಪ್ರೇಮ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ಹಾಗಿದ್ದರೆ ಮಣಿಪಾಲದ ಆಧಾರ್ ಕೇಂದ್ರಕ್ಕೆ ಹೋಗಿ, ಅಲ್ಲಿ ಕಣ್ಣಿನ ಯಂತ್ರ ಉಂಟು, ಕಣ್ಣು ಹಿಡಿದರೆ ಚೀಟಿಗೂ ಆಗುತ್ತದೆ, ಅದೂ ಹಿಡಿಯದಿದ್ದರೆ ಹೆಸರು ಬದಲಿಸುವುದೊಂದೇ ದಾರಿ ಎಂದು ಅವನು ಹೇಳಿದ.

ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟು ಇಲ್ಲ. ಆದರೆ ನಮ್ಮ ಕರಾವಳಿಯಲ್ಲಿ ಓಡುವ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿ. ಪ್ರೇಮ ಸರಕಾರಿ ಬಸ್ಸಿಗೇ ಕಾಯೋಣ ಎಂದಳು. ಇಪ್ಪತ್ತೈದು ನಿಮಿಷದಲ್ಲಿ ನಾಲ್ಕು ಖಾಸಗಿ ಬಸ್ಸುಗಳು ಹೋದವು. ಐದನೆಯದಕ್ಕೆ ಅಪ್ಪಿಯಕ್ಕ ಯಾರನ್ನೂ ಕೇಳದೆ ಹತ್ತಿದರು. ನಾವು ಹಿಂದೆ ಹತ್ತಿದೆವು. ಉಡುಪಿಗೆ ತಲಾ ಇಪ್ಪತ್ತೈದು. ನಾನು ನೋಟು ತೆಗೆದಾಗ ಅವರು ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ, ಸೊಂಟದ ಚೀಲದಿಂದ ಮೂವರದ್ದೂ ಕೊಟ್ಟರು.

ಕಟಪಾಡಿ ಕಳೆದು ಉದ್ಯಾವರದ ಸೇತುವೆ ಬರುವಾಗ ಅಪ್ಪಿಯಕ್ಕ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದರು. ನಾನು ಪ್ರೇಮಳೊಡನೆ ನನ್ನ ಲೆಕ್ಕ ಹೇಳಿದೆ. ಹಣ ಒಂದೇ, ಮನೆ ಒಂದೇ, ಒಲೆ ಒಂದೇ. ಯಾರ ಹೆಸರಿಗೆ ಬಂದರೇನು? ಆ ಯುವಕ ಹೇಳಿದ್ದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ಪ್ರೇಮ ಒಪ್ಪಿದಳು. ತನ್ನ ಖಾತೆಗೆ ಬಂದರೆ ಮದುವೆಯ ಕವರುಗಳ ಬದಲು ಮಕ್ಕಳ ಪುಸ್ತಕಕ್ಕೆ ಆಗುತ್ತದೆ, ಬೀಡಿ ಕೊಂಡುಕೊಳ್ಳುವ ಬ್ರಾಂಚಿನಲ್ಲಿ ಕಟ್ಟುಗಳನ್ನು ತಿರಸ್ಕರಿಸಿದ ವಾರ ಕೈ ಬಿಗಿಯಾಗುವುದಿಲ್ಲ ಎಂದಳು. ಮೂರು ತಿಂಗಳಿಂದ ಇದನ್ನೇ ಯೋಚಿಸುತ್ತಿದ್ದೇನೆ ಎಂದೂ ಸೇರಿಸಿದಳು. ಅವಳ ಮಾತಿನಲ್ಲಿ ಮುಚ್ಚುಮರೆ ಇರಲಿಲ್ಲ.

ಉಡುಪಿಯಲ್ಲಿ ಬಸ್ಸು ಬದಲಿಸಿ ಹನ್ನೊಂದೂವರೆಗೆ ಮಣಿಪಾಲ ಸೇರಿದೆವು. ಟೋಕನ್ ನಲವತ್ತೊಂದು. ಒಳಗೆ ಎ.ಸಿ. ಇತ್ತು. ಅಪ್ಪಿಯಕ್ಕ ಸೆರಗನ್ನು ಹೆಗಲ ಸುತ್ತ ಹೊದ್ದು ಕುಳಿತರು. ನಮ್ಮ ಸರದಿ ಬಂದದ್ದು ಒಂದೂಕಾಲಿಗೆ.

ಯಂತ್ರ ದುರ್ಬೀನಿನಂತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಹುಡುಗಿ, ಅಜ್ಜಿ, ಒಳಗೆ ನೋಡಿ, ರೆಪ್ಪೆ ಬಡಿಯಬೇಡಿ ಎಂದಳು. ಬಲಗಣ್ಣಿನಲ್ಲಿ ಪೊರೆ ಬಲಿತಿತ್ತು. ಎರಡು ಸಲ ನೋಡಿ ಅದನ್ನು ಬಿಟ್ಟಳು. ಎಡಗಣ್ಣು ಆಗಬಹುದು ಎಂದಳು. ಆದರೆ ವಯಸ್ಸಿಗೆ ರೆಪ್ಪೆ ಜೋತುಬಿದ್ದು ಅರ್ಧ ಕಣ್ಣನ್ನು ಮುಚ್ಚಿತ್ತು. ಅಪ್ಪಿಯಕ್ಕ ಹುಬ್ಬು ಎತ್ತಿ ಅಗಲಿಸಲು ನೋಡಿದರು. ಕಣ್ಣಲ್ಲಿ ನೀರು ಬಂತೇ ಹೊರತು ಯಂತ್ರ ಒಪ್ಪಲಿಲ್ಲ. ಎರಡನೆಯ ಸಲವೂ ಇಲ್ಲ. ಹುಡುಗಿ ಗಡಿಯಾರ ನೋಡಿ, ಇನ್ನೊಂದು ಸಲ ನೋಡುತ್ತೇನೆ, ಆಗದಿದ್ದರೆ ಬೇರೆ ದಾರಿ ನೋಡಿಕೊಳ್ಳಿ ಎಂದಳು. ಅಪ್ಪಿಯಕ್ಕ ಕೈಗಳನ್ನು ಮಡಿಲಲ್ಲಿ ಮುಚ್ಚಿ ಇಟ್ಟುಕೊಂಡಿದ್ದರು.

ಆಗ ಪ್ರೇಮ ಕುರ್ಚಿಯ ಹಿಂದೆ ಬಂದು ನಿಂತಳು. ಅತ್ತೆಯ ತಲೆಯನ್ನು ತನ್ನ ಹೊಟ್ಟೆಗೆ ಆನಿಸಿಕೊಂಡು, ಬೀಡಿ ಕಟ್ಟುವ ಆ ಚುರುಕಾದ ಹೆಬ್ಬೆರಳಿನಿಂದ ಮೇಲಿನ ರೆಪ್ಪೆಯನ್ನು ಎತ್ತಿ, ತೋರುಬೆರಳಿನಿಂದ ಕೆಳಗಿನದನ್ನು ಎಳೆದು ಹಿಡಿದಳು.

"ಅಲುಗಬೇಡಿ ಮಾಮಿ," ಎಂದಳು. "ನಾನು ಹಿಡಿದಿದ್ದೇನೆ."

ಯಂತ್ರ ಸಣ್ಣದಾಗಿ ಸದ್ದು ಮಾಡಿತು. ಹಸಿರು ದೀಪ ಹತ್ತಿತು. ಹುಡುಗಿ ರಶೀದಿ ಹರಿದು ಕೊಟ್ಟು, ಹದಿನೈದು ದಿನದಲ್ಲಿ ಎಲ್ಲ ಸರಿಯಾಗುತ್ತದೆ ಎಂದಳು. ಅದು ಅವಳ ಮಾತು. ಆಗುವವರೆಗೆ ಆಯಿತೆಂದು ನಾನು ಬರೆಯುವುದಿಲ್ಲ.

ಹೊರಗೆ ಅಪ್ಪಿಯಕ್ಕ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಾಗ ಪ್ರೇಮಳನ್ನು ಕೇಳಿದೆ. ಬಸ್ಸಿನಲ್ಲಿ ಹೇಳಿದ್ದು ಒಂದು, ಇಲ್ಲಿ ಮಾಡಿದ್ದು ಇನ್ನೊಂದು, ಯಾವುದನ್ನು ನಂಬಲಿ?

"ಎರಡೂ ಹೌದು," ಎಂದಳು. "ದುಡ್ಡು ಅವರ ಹತ್ತಿರ ಇದ್ದರೆ ನಾನು ಕೇಳ್ತೇನೆ. ನನ್ನ ಹತ್ತಿರ ಇದ್ದರೆ ಅವರು ಕೇಳುವುದಿಲ್ಲ."

ನನ್ನ ಲೆಕ್ಕದಲ್ಲಿ ಈ ಮಾತಿಗೆ ಜಾಗವಿರಲಿಲ್ಲ.

ನನಗೆ ಹಿರಿಯಡ್ಕದ ಮೂಲಕ ಕಾರ್ಕಳಕ್ಕೆ ಹೋಗುವ ಬಸ್ಸು ಮೂರಕ್ಕೆ ಇತ್ತು. ಉಡುಪಿಯ ಬಸ್ಸು ಮೊದಲು ಬಂತು, ಅತ್ತೆಸೊಸೆ ಹತ್ತಿದರು. ಒಳಗೆ ಕಿಟಕಿಯ ಬದಿಗೆ ಯಾರು ಕೂರಬೇಕೆಂಬ ವಿಷಯದಲ್ಲಿ ಆಗಲೇ ಮಾತು ಬೆಳೆದಿತ್ತು. ಬಸ್ಸು ಇಳಿಜಾರಿನ ತಿರುವಿನಲ್ಲಿ ಮರೆಯಾಗುವವರೆಗೂ ಅಪ್ಪಿಯಕ್ಕನ ದನಿ ರಸ್ತೆಯಲ್ಲಿ ನಿಂತ ನನಗೆ ಕೇಳಿಸುತ್ತಿತ್ತು.