ಅಕ್ಕನ ಕೇರಂ ಬೋರ್ಡು, ನನ್ನ ಗರಗಸ

ಕಾರು ಮಾರಿದ ಮೇಲೆ ಬಸವೇಶ್ವರನಗರದ ನಮ್ಮ ಮನೆಯ ಖಾಲಿ ಶೆಡ್ಡಿಗೆ ಮರ ಕೊಯ್ಯುವ ಟೇಬಲ್ ಸಾ ತಂದಿಟ್ಟುಕೊಂಡೆ. ಮೇಜಿನ ನಡುವೆ ಬ್ಲೇಡು ತಿರುಗುತ್ತಿರುತ್ತದೆ, ಮರವನ್ನು ಕೈಯಿಂದ ಅದರತ್ತ ತಳ್ಳಬೇಕು. ಒಂದು ಬೆಳಿಗ್ಗೆ ಸಣ್ಣ ತುಂಡೊಂದು ಪಟ್ಟನೆ ಸಿಡಿದು, ನನ್ನ ಹೆಬ್ಬೆರಳು ಬ್ಲೇಡಿನ ಪಕ್ಕಕ್ಕೇ ಹೋಗಿ ನಿಂತಿತು. ಜೊತೆಯಲ್ಲೇ ಇರುವ ನನ್ನ ಅಕ್ಕ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಕೈ ಉಳಿಸೋ ಏರ್ಪಾಡು ಏನಾದ್ರೂ ಮಾಡ್ಕೊ. ಅಲ್ಲೀವರೆಗೂ ಈ ಮಿಷನ್ ಆನ್ ಮಾಡಿದ್ರೆ ನೋಡು!" ಎಂದಳು. ಅವಳ ಮುಖ ಬಿಳಿಚಿಕೊಂಡಿತ್ತು.

ಆ ಏರ್ಪಾಡಿಗೆ ಸ್ಲೆಡ್ ಎನ್ನುತ್ತಾರೆ. ಮರವನ್ನು ಹೊತ್ತುಕೊಂಡು ಬ್ಲೇಡಿನ ಮೇಲೆ ಜಾರುವ ಹಲಗೆ ಅದು. ಕೈ ದೂರವೇ ಉಳಿಯುತ್ತದೆ. ಅದರ ಅಡಿಯ ಪಟ್ಟಿಗಳು ಮೇಜಿನಲ್ಲಿ ಕೊರೆದ ಸಾಲುಗಳಲ್ಲಿ ಅಲುಗದೆ ಓಡಬೇಕು, ಹಲಗೆ ಎಲ್ಲೂ ಸೊಟ್ಟ ಇರಬಾರದು. ಸೊಟ್ಟ ಕಂಡರೆ ನನಗೆ ಮೈಯೆಲ್ಲ ಉರಿ. ನೆಂಟರ ಮನೆಯಲ್ಲೂ ವಾಲಿದ ಕ್ಯಾಲೆಂಡರನ್ನು ಎದ್ದು ಹೋಗಿ ನೆಟ್ಟಗೆ ಮಾಡುವವಳು ನಾನು.

ಸುಂಕದಕಟ್ಟೆಯ ಪ್ಲೈವುಡ್ ಅಂಗಡಿಗಳನ್ನೆಲ್ಲ ಜಾಲಾಡಿದೆ. ಹಲಗೆಯ ಮೇಲೆ ಉಕ್ಕಿನ ಸ್ಕೇಲು ನಿಲ್ಲಿಸಿ ಹಿಂದಿನಿಂದ ಮೊಬೈಲ್ ಟಾರ್ಚು ಹಿಡಿದರೆ, ಎಲ್ಲಿ ಡೊಂಕಿದೆಯೋ ಅಲ್ಲಿ ಬೆಳಕು ನುಸುಳುತ್ತದೆ. ಎಲ್ಲ ಹಲಗೆಯಲ್ಲೂ ನುಸುಳಿತು.

"ಹೆಣ್ಣು ನೋಡೋಕ್ ಬಂದೋರೂ ಇಷ್ಟು ನೋಡಲ್ಲ ಮೇಡಂ," ಎಂದ ಅಂಗಡಿಯವನು.

ಮನೆಗೆ ಬಂದು ಊರಿನ ಮರಗಳಿಗೆಲ್ಲ ಶಾಪ ಹಾಕುತ್ತಾ ಕೂತೆ. ಅಕ್ಕ ಮಂಚದ ಹಿಂದಿನಿಂದ ಹಳೇ ಬೆಡ್‌ಶೀಟು ಸುತ್ತಿದ ಕೇರಂ ಬೋರ್ಡು ಎಳೆದಳು.

ಹುಡುಗಿಯಾಗಿದ್ದಾಗ ಬಡಾವಣೆಯ ಪಂದ್ಯದಲ್ಲಿ ಅವಳು ಗೆದ್ದು ತಂದ ಬೋರ್ಡು. ರಾಜಾಜಿನಗರದ ನಮ್ಮ ಬೀದಿಯ ಗಂಡುಹುಡುಗರೆಲ್ಲ ಅವಳೆದುರು ಮಣ್ಣು ಮುಕ್ಕಿದ್ದರು. ರೆಡ್ ಹಾಕಿದ ಮೇಲೆ ಇನ್ನೊಂದು ಕಾಯಿನ್ ಹಾಕಿ ಫಾಲೋ ಕೊಡದಿದ್ದರೆ ರೆಡ್ ಮತ್ತೆ ನಡುವಿಗೇ ಬರುತ್ತದೆ. ಅಕ್ಕನ ರೆಡ್ ವಾಪಸ್ ಬಂದದ್ದನ್ನು ನಾನು ಕಂಡೇ ಇಲ್ಲ. ಈಗ ಕೀಲುನೋವು ಅವಳ ಬೆರಳುಗಳನ್ನು ಮರಗಟ್ಟಿಸಿದೆ. ಸ್ಟ್ರೈಕರ್ ಹೊಡೆಯುವುದಿರಲಿ, ಸೆರಗಿಗೆ ಪಿನ್ನು ಹಾಕುವುದೂ ಕಷ್ಟ.

"ಇದಕ್ಕಿಡು ನಿನ್ನ ಸ್ಕೇಲು," ಎಂದಳು.

ಇಟ್ಟೆ. ಕೋಣೆಯ ದೀಪ ಆರಿಸಿ ಟಾರ್ಚು ಹಿಡಿದೆ. ಕತ್ತಲು. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ನೋಡಿದೆ, ಎಳೆಯಷ್ಟೂ ಬೆಳಕಿಲ್ಲ. ಇಷ್ಟು ವರ್ಷ ಮಲಗುವ ಮಂಚದ ಹಿಂದೆಯೇ ಇದ್ದದ್ದನ್ನು ಹುಡುಕಿಕೊಂಡು ಊರು ಸುತ್ತಿದ್ದೆ! ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ? ಅಂಗೈಯಿಂದ ಸವರಿದೆ. ಬೋರಿಕ್ ಪೌಡರ್ ಕುಡಿದು ಕುಡಿದು ಅದು ನೀರಿನಂತೆ ನುಣುಪಾಗಿತ್ತು.

ಆಮೇಲೆ ಭಯವಾಯಿತು. "ಇದನ್ನ ಕೊಯ್ಯೋದಾ? ನಿಂಗೆ ತಲೆ ಕೆಟ್ಟಿದೆಯಾ?"

"ನನ್ನ ಬೆರಳಂತೂ ಹೋಯ್ತು ಕಣೇ. ನಿಂದಾದ್ರೂ ಇರ್ಲಿ."

ಅಂಚಿನ ಗಟ್ಟಿಮರವನ್ನು ಬಿಚ್ಚಿ, ಕೈಗರಗಸದಿಂದಲೇ ಅಡಿಯ ಪಟ್ಟಿಗಳನ್ನೂ, ಮರ ಒರಗಿಸುವ ತಡೆಯನ್ನೂ ಮಾಡಿದೆ. ಹೊರಗಿನಿಂದ ಬಂದದ್ದು ಸ್ಕ್ರೂ ಮಾತ್ರ. ಆದರೆ ಸ್ಲೆಡ್ ಮೊದಲು ಕೊಯ್ಯುವುದು ತನ್ನನ್ನೇ. ಬ್ಲೇಡು ಹಲಗೆಯನ್ನು ಸೀಳಿಕೊಂಡು ಮೇಲೆ ಬಂದು ತನ್ನ ದಾರಿ ತಾನೇ ಮಾಡಿಕೊಳ್ಳಬೇಕು. ಆ ದಾರಿಯಲ್ಲೇ ರೆಡ್ ಇಡುವ ನಡುವಿನ ವೃತ್ತವಿತ್ತು. ಮಿಷನ್ ಆನ್ ಮಾಡಿದೆ, ತಳ್ಳಲು ಕೈ ಬರಲಿಲ್ಲ.

"ಸರಿ ಆ ಕಡೆ," ಎಂದು ಅಕ್ಕ ಬಂದಳು. "ಇದಕ್ಕೆ ಬೆರಳ್ಯಾಕೆ? ಅಂಗೈ ಸಾಕು."

ತಡೆಯ ಎರಡು ತುದಿಗೂ ಅಂಗೈ ಒತ್ತಿ, ಹಿಂದೆ ಹೊಡೆತಕ್ಕೆ ಮೊದಲು ಮಾಡುತ್ತಿದ್ದಂತೆಯೇ ಒಂದು ಕಣ್ಣು ಕಿರಿದು ಮಾಡಿದಳು. ನಿಧಾನವಾಗಿ, ಎಲ್ಲೂ ನಿಲ್ಲದೆ ತಳ್ಳಿದಳು. ಸೀಳು ಕೆಂಪು ವೃತ್ತದ ನಟ್ಟನಡುವೆ ಹಾದು ಹೋಯಿತು. ಮಿಷನ್ ಆಫ್ ಮಾಡಿದ ಮೇಲೂ ನಾನು ಆ ಗೆರೆಯನ್ನೇ ನೋಡುತ್ತಿದ್ದೆ.

"ರೆಡ್ ಹಾಕಿದೀನಿ," ಎಂದಳು ಅಕ್ಕ, ಕೈ ಒರೆಸಿಕೊಳ್ಳುತ್ತಾ. "ಫಾಲೋ ನೀನು ಕೊಡು."

ತೇಗದ ತುಂಡೊಂದನ್ನು ಸ್ಲೆಡ್ ಮೇಲಿಟ್ಟು, ಮತ್ತೆ ಮಿಷನ್ ಆನ್ ಮಾಡಿ ತಳ್ಳಿದೆ. ಕೊಯ್ದು ಮುಗಿಯುವವರೆಗೂ ಅಕ್ಕ ನನ್ನ ಬೆರಳುಗಳನ್ನೇ ನೋಡುತ್ತಿದ್ದಳು.