ಕಾಂಪೌಂಡರ್ ಮಾಮನ ನೂರಾ ನಲವತ್ತು

ಫುಸ್... ಫುಸ್... ಫುಸ್...

ಕಳೆದ ತಿಂಗಳು ನನ್ನ ಬಿ.ಪಿ. ಮೆಷೀನಿನ ಸೆಲ್ ಮುಗಿದಿತ್ತು. ಹೊಸದು ತರಿಸುವುದಕ್ಕೆ ಆಲಸ್ಯ. ಅದೇ ವಾರ ನಮ್ಮ ಓಣಿಗೆ ತಪಾಸಣೆಗೆಂದು ಬಂದ ನರ್ಸಿಂಗ್ ಹುಡುಗಿಯೊಬ್ಬಳು ಚೀಲದಿಂದ ಹಳೆಯ ಮಾದರಿಯ ಉಪಕರಣ ತೆಗೆದು, ನನ್ನ ತೋಳಿಗೆ ಪಟ್ಟಿ ಸುತ್ತಿ, ರಬ್ಬರಿನ ಉಂಡೆಯನ್ನು ಒತ್ತತೊಡಗಿದಳು. ನನ್ನ ಬಾಯಿ ತಾನಾಗಿಯೇ ಎಣಿಸತೊಡಗಿತು. ಒಂದು, ಎರಡು, ಮೂರು...

“ಅಜ್ಜಿ, ಮಾತಾಡಬ್ಯಾಡ್ರಿ. ರೀಡಿಂಗ್ ತಪ್ಪತೈತಿ” ಎಂದಳು.

ಸುಮ್ಮನಾದೆ. ಆದರೆ ಎಣಿಕೆ ಒಳಗೆ ನಡೆದೇ ಇತ್ತು. ಹನ್ನೊಂದಕ್ಕೆ ಅವಳು ನಿಲ್ಲಿಸಿದಳು. ಹದಿನಾರು ಆಗಲಿಲ್ಲವಲ್ಲ ಎಂದು ಒಂದು ಕ್ಷಣ ಸಮಾಧಾನ, ಮರುಕ್ಷಣ ಕಣ್ಣು ತುಂಬಿ ಬಂತು. ಯಾಕೆ ಎಂದು ಆ ಮಗುವಿಗೆ ಹೇಗೆ ಹೇಳಲಿ? ಎಪ್ಪತ್ತು ದಾಟಿದ ಮೇಲೂ ನನಗೇ ಅದು ಪೂರ್ತಿ ಅರ್ಥವಾಗಿಲ್ಲ. ಐ ಹ್ಯಾವ್ ನೆವರ್ ಅಂಡರ್‌ಸ್ಟುಡ್ ಇಟ್.

ನಾವಾಗ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿದ್ದೆವು. ಕಾಲುವೆ ನೀರು ಬಂದು ಊರ ಸುತ್ತ ಕಬ್ಬು, ಭತ್ತ ತುಂಬಿದ್ದ ಕಾಲ. ಅಪ್ಪನದು ಸಣ್ಣ ರೈಸ್ ಮಿಲ್. ನಾನು ಓದಿದ ಕಾನ್ವೆಂಟಿನಲ್ಲೇ ಟೀಚರ್ ಆಗಿದ್ದೆ, ವಯಸ್ಸು ಇಪ್ಪತ್ನಾಲ್ಕು. ಒಂದು ಬೆಳಿಗ್ಗೆ ಬೋರ್ಡಿನ ಮೇಲೆ ‘ವಿಲೇಜ್’ ಸ್ಪೆಲ್ಲಿಂಗ್ ಬರೆಯುತ್ತಿದ್ದಾಗ ಮೂಗಿನಿಂದ ರಕ್ತ ಸುರಿಯಿತು. ಸೀರೆಯೆಲ್ಲ ಕೆಂಪು. ಮುಂದಿನ ಬೆಂಚಿನ ಹುಡುಗಿ ತನ್ನ ಕರ್ಚೀಫ್ ತಂದು ಕೊಟ್ಟು, “ಟೀಚರ್, ಯಾರು ಹೊಡೆದ್ರು?” ಎಂದು ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಕಾನ್ವೆಂಟಿನ ಹಿರಿಯ ಮದರ್ ನನ್ನನ್ನು ಮನೆಗೆ ಕಳಿಸಿದರು. ಅಮ್ಮ ತಲೆಗೆ ತಣ್ಣೀರು ತಟ್ಟಿ, “ಬಿಸ್ಲು ಏರೈತಿ” ಎಂದಳು. ನಮ್ಮೂರಿನಲ್ಲಿ ಎಲ್ಲದಕ್ಕೂ ಅದೇ ಕಾರಣ. ತಲೆನೋವು, ಸಿಟ್ಟು, ಸುಸ್ತು, ಎಲ್ಲವೂ ಬಿಸಿಲು.

ಡಾಕ್ಟರ ಬಳಿ ಹೋದಾಗ ಅವರು ಎಡತೋಳಿಗೆ ಪಟ್ಟಿ ಕಟ್ಟಿ ನೋಡಿದರು. ಬಲತೋಳಿಗೆ ಕಟ್ಟಿ ನೋಡಿದರು. ತಮ್ಮ ಮೆಷೀನೇ ಕೆಟ್ಟಿದೆಯೇನೋ ಎಂದು ತಮ್ಮ ತೋಳಿಗೇ ಕಟ್ಟಿಕೊಂಡು ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿ, “ಇನ್ನೂರಾ ಹತ್ತು, ನೂರಾ ಮೂವತ್ತು. ಈ ವಯಸ್ಸಿಗೆ ಇದು ಆಗಬಾರದು” ಎಂದರು.

“ಬಿ.ಪಿ. ಅಂದ್ರ ಮುದುಕರ ರೋಗಲ್ರೀ ಡಾಕ್ಟ್ರೇ? ನಮ್ಮ ಹುಡುಗಿಗೆ ಎಲ್ಲಿಂದ ಬಂತು?” ಎಂದು ಅಪ್ಪ ಕೇಳಿದರು. ಡಾಕ್ಟರು ಗುಳಿಗೆ ಬರೆದರು, ಉಪ್ಪು ಕಡಿಮೆ ಮಾಡಲು ಹೇಳಿದರು, ವಾರಕ್ಕೆ ಎರಡು ಸಲ ನೋಡಿಸಬೇಕೆಂದರು.

ಅಲ್ಲಿಯೇ ತೊಡಕು. ಕಂಪ್ಲಿಯ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಕಾಲುವೆ ಕೆಳಗೆ ಗದ್ದೆ, ಓದಿದ ಹುಡುಗ, ನಮ್ಮವರೇ. ಮದುವೆಯಾಗಬೇಕಾದ ಹುಡುಗಿ ವಾರಕ್ಕೆ ಎರಡು ಸಲ ದವಾಖಾನೆಯ ಬೆಂಚಿನ ಮೇಲೆ ಕುಳಿತರೆ ಊರೆಲ್ಲ ಕೇಳುವುದಿಲ್ಲವೇ? ಹಾಗಾಗಿ ಅಪ್ಪ ಬೇರೆ ದಾರಿ ಹುಡುಕಿದರು. ಅದೇ ದವಾಖಾನೆಯ ಕಾಂಪೌಂಡರ್ ನಮ್ಮ ಹಿಂದಿನ ಮನೆಯಲ್ಲೇ ಇದ್ದರು. ನಾನು ಚಿಕ್ಕಂದಿನಿಂದ ಅವರನ್ನು ಮಾಮ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅತ್ತಿ. ಬುಧವಾರ ಮತ್ತು ಶನಿವಾರ ಬೆಳಿಗ್ಗೆ, ಅವರು ಕೆಲಸಕ್ಕೆ ಹೊರಡುವ ಮೊದಲು, ಹಿತ್ತಿಲ ಬಾಗಿಲಿನಿಂದ ಹೋಗಿ ನೋಡಿಸಿಕೊಂಡು ಬರುವುದು. ಮಾಮ ಸರಿಯಾದ ಲೆಕ್ಕವನ್ನು ಚೀಟಿಯಲ್ಲಿ ಬರೆದು ಡಾಕ್ಟರಿಗೆ ಕೊಡುವುದು. ಡಾಕ್ಟರು ಗುಳಿಗೆ ಹೇಳಿ ಕಳಿಸುವುದು.

ಮಾಮ ಸಣ್ಣ ಆಳು, ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಸ್ಪಿರಿಟ್ ವಾಸನೆ. ಡಾಕ್ಟರು ಹೊಸದು ಕೊಂಡಾಗ ಇವರಿಗೆ ಕೊಟ್ಟ, ಬಿ.ಪಿ. ನೋಡುವ ಹಳೆಯ ಪಾದರಸದ ಪೆಟ್ಟಿಗೆ ಅವರ ಬಳಿ ಇತ್ತು. ಅದರ ಮುಚ್ಚಳ ಎತ್ತಿದರೆ ಒಳಮೈಯಲ್ಲಿ ಗಾಜಿನ ಕೊಳವೆ, ಅದರಲ್ಲಿ ಪಾದರಸ ಏರುತ್ತಿತ್ತು. ಮಾಮ ಮುಚ್ಚಳದ ಬೆನ್ನು ನನ್ನ ಕಡೆ ಬರುವಂತೆ ಪೆಟ್ಟಿಗೆ ಇಟ್ಟುಕೊಳ್ಳುತ್ತಿದ್ದರು. ಹಾಗಾಗಿ ಪಾದರಸ ಅವರಿಗೆ ಮಾತ್ರ ಕಾಣುತ್ತಿತ್ತು. ನನಗೆ ಕಾಣುತ್ತಿದ್ದುದು ಬೂದು ಬಣ್ಣ ಕಿತ್ತುಹೋದ ತಗಡು. ಆ ಕಿತ್ತುಹೋದ ಜಾಗಗಳನ್ನು ಈಗಲೂ ಬರೆದು ತೋರಿಸಬಲ್ಲೆ.

“ಬಾರವ್ವ, ಕುಂದ್ರು. ಹೆದರಬ್ಯಾಡ. ಮುಖ ಸಡ್ಲ ಬಿಡು, ಪರೀಕ್ಷಾ ಬರಿಯಾಕ ಬಂದಂಗ ಕುಂತೀಯಲ್ಲ.”

ಫುಸ್, ಫುಸ್... ಮೊದಲ ದಿನವೇ ನಾನು ಎಣಿಸಿದೆ. ಹದಿನಾರು. ಬೇರೇನೂ ನೋಡಲು ಇರಲಿಲ್ಲವಲ್ಲ, ಅದಕ್ಕೆ. ಆಮೇಲೆ ಗಾಳಿ ಬಿಡುವ ಉದ್ದನೆಯ ಸದ್ದು, ಮಾಮ ಕಿವಿಯಿಂದ ಸ್ಟೆತಾಸ್ಕೋಪ್ ಇಳಿಸಿ ಒಂದು ಕ್ಷಣ ಗೋಡೆ ನೋಡುವುದು. ಆಮೇಲೆ ನಗು.

“ನೂರಾ ಎಂಬತ್ತು. ಇಳದೈತಿ ನೋಡು.”

ಮುಂದಿನ ವಾರ ನೂರಾ ಅರವತ್ತು. ಅದರ ಮುಂದಿನ ವಾರ ನೂರಾ ನಲವತ್ತು, ತೊಂಬತ್ತು. “ಮಸ್ತ್ ಐತಿ. ನನಗಿಂತ ನಿಂದ ಚಲೋ ಐತಿ.”

ಅಷ್ಟರಲ್ಲಿ ಅತ್ತಿ ಒಳಗಿನಿಂದ ದೊಡ್ಡ ಲೋಟದ ತುಂಬ ಮಜ್ಜಿಗೆ ತರುತ್ತಿದ್ದರು. “ಕುಡಿಯವ್ವ, ಬಿಸ್ಲಾಗ ಸಾಲಿಗೆ ಹೋಗಾಕಿ, ತಲಿ ತಿರುಗತೈತಿ.” ಅದರಲ್ಲಿ ನಾಲಿಗೆ ಚುರುಗುಟ್ಟುವಷ್ಟು ಉಪ್ಪು. ಮಾಮ ಎದುರಿಗೇ ಕುಳಿತಿರುತ್ತಿದ್ದರು. ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಡಾಕ್ಟರು ಉಪ್ಪು ಎಂದರೆ ನಾವು ಉಪ್ಪಿನಕಾಯಿ, ಹಪ್ಪಳ ಎಂದು ತಿಳಿದಿದ್ದೆವು. ಮಜ್ಜಿಗೆಯ ಉಪ್ಪು ನಮ್ಮ ಓಣಿಯಲ್ಲಿ ಉಪ್ಪಿನ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಗೊಂದಲ ಶುರುವಾದದ್ದು ಆ ದಿನಗಳಲ್ಲಿ. ಆ ಸಣ್ಣ ಗುಳಿಗೆ ತೆಗೆದುಕೊಂಡರೆ ಮೂಗು ಕಟ್ಟುತ್ತಿತ್ತು, ಕ್ಲಾಸಿನಲ್ಲಿ ನಿಂತಲ್ಲೇ ತೂಕಡಿಕೆ, ಕಾರಣವಿಲ್ಲದೆ ಅಳು. ಮಕ್ಕಳು ಪ್ರಾರ್ಥನೆ ಹಾಡಿದರೂ ಅಳು, ಅಮ್ಮ ಅನ್ನ ಬಡಿಸಿದರೂ ಅಳು. ಮದುವೆಯ ಮಾತಿಗೆ ಅಳುತ್ತಿದ್ದೇನೆ ಎಂದು ಅಮ್ಮ ತಿಳಿದಳು. ನಾನೂ ಹಾಗೇ ತಿಳಿದೆ. ಅದು ಗುಳಿಗೆಯ ಗುಣವೂ ಇರಬಹುದೆಂದು ಎಷ್ಟೋ ವರ್ಷಗಳ ಮೇಲೆ ಇನ್ನೊಬ್ಬ ಡಾಕ್ಟರು ಹೇಳಿದರು. ಹಾಗಾದರೆ ಗುಳಿಗೆ ನುಂಗಿದ ಆ ಆರು ತಿಂಗಳ ದುಃಖದಲ್ಲಿ ನನ್ನದೆಷ್ಟು, ಗುಳಿಗೆಯದೆಷ್ಟು... ಹೇಳಲಾರೆ.

ಇನ್ನೊಂದು ವಿಚಿತ್ರ. ಬಿ.ಪಿ. ಇಳಿದಿದೆ ಎನ್ನುತ್ತಿದ್ದರು ಮಾಮ. ಆದರೆ ಡಾಕ್ಟರು ಹೇಳಿ ಕಳಿಸುತ್ತಿದ್ದ ಗುಳಿಗೆ ಒಂದರಿಂದ ಎರಡಾಯಿತು, ಎರಡರಿಂದ ಮೂರಾಯಿತು. ಫುಸ್, ಫುಸ್ ಎಣಿಕೆ ಮಾತ್ರ ಹದಿನಾರರಿಂದ ಕದಲಲಿಲ್ಲ. ಬಿ.ಪಿ. ಹೆಚ್ಚಿದ್ದಷ್ಟೂ ಪಾದರಸವನ್ನು ಮೇಲಕ್ಕೆ ಏರಿಸಬೇಕು; ನಿಜವಾಗಿ ಇಳಿದಿದ್ದರೆ ಅಷ್ಟು ಸಲ ಒತ್ತುವುದು ಯಾಕೆ? ಮಕ್ಕಳಿಗೆ ಅರಿತ್‌ಮೆಟಿಕ್ ಹೇಳಿಕೊಡುವ ನನಗೆ ಆ ಪ್ರಶ್ನೆ ಹೊಳೆದಿತ್ತು. ಖಂಡಿತ ಹೊಳೆದಿತ್ತು. ಆದರೆ ಕೇಳಲಿಲ್ಲ. ಮಾಮ ಸುಳ್ಳು ಹೇಳುತ್ತಾರೆ ಎಂದುಕೊಳ್ಳುವುದಕ್ಕಿಂತ ಡಾಕ್ಟರು ದಡ್ಡರು ಎಂದುಕೊಳ್ಳುವುದು ಸುಲಭವಾಗಿತ್ತು. ಕಂಪ್ಲಿಯವರು ನಿಶ್ಚಯಕ್ಕೆ ಬರುವ ದಿನ ಗೊತ್ತಾದಾಗ, ಅವರ ಮುಂದೆ ತೂಕಡಿಸುತ್ತ, ಮೂಗು ಒರೆಸಿಕೊಳ್ಳುತ್ತ ಕೂರಬಾರದೆಂದು ಹತ್ತು ದಿನ ಮೊದಲೇ ಗುಳಿಗೆ ಬಿಟ್ಟುಬಿಟ್ಟೆ. ಯಾರಿಗೂ ಹೇಳಲಿಲ್ಲ. ನೂರಾ ನಲವತ್ತು ಇದ್ದವಳಿಗೆ ಗುಳಿಗೆ ಯಾಕೆ?

ಆ ಹತ್ತು ದಿನ ಎಷ್ಟು ಹಗುರವಾಗಿದ್ದೆ! ಅಳು ನಿಂತಿತು. ಅತ್ತಿ, “ಮುಖದ ಮ್ಯಾಲೆ ಕಳೆ ಬಂತು ನೋಡ್ರೀ” ಎಂದು ಮಾಮನಿಗೆ ತೋರಿಸಿದರು. ಮಾಮ ನಗಲಿಲ್ಲ. ಆ ಶನಿವಾರ ಎಣಿಕೆ ಹದಿನೆಂಟಾಗಿತ್ತು. ಎರಡು ಸಲ ನೋಡಿದರು. “ಗುಳಿಗಿ ತಗೊಳ್ಳಾಕತ್ತೀಯಲ್ಲವ್ವ?” ಎಂದು ಕೇಳಿದರು. ಹೌದು ಎಂದೆ. ಗೋಡೆ ನೋಡಿದರು. “ನೂರಾ ನಲವತ್ತೈದು” ಎಂದರು. ಒಂದೇ ಬೆಳಿಗ್ಗೆ ಒಬ್ಬರಿಗೊಬ್ಬರು ಸುಳ್ಳು ಹೇಳಿ, ಮಜ್ಜಿಗೆ ಕುಡಿದು, ಎದ್ದೆವು.

ನಿಶ್ಚಯದ ದಿನ ಪಡಸಾಲೆಯ ತುಂಬ ಜನ. ನಾನು ತಟ್ಟೆ ಹಿಡಿದು ಬಂದಾಗ ಹುಡುಗನ ತಾಯಿಯ ಮುಖದ ಅರ್ಧ ಭಾಗ ಕಾಣಲಿಲ್ಲ. ಒಂದು ಕಿವಿ, ಒಂದು ಓಲೆ, ಆಚೆ ಹೊಗೆ. ನಾಚಿಕೆಗೆ ಹೀಗಾಗುತ್ತದೆಯೇ ಎಂದುಕೊಂಡೆ. ನಿಜವಾಗಿ ಹಾಗೆಯೇ ಅಂದುಕೊಂಡೆ. ಮೆಣಸಿನಕಾಯಿ ಬಜ್ಜಿಯ ತಟ್ಟೆಯನ್ನು ಅವರ ಮುಂದಿನ ಗಾಳಿಯಲ್ಲಿಟ್ಟೆ. ಅದು ನೆಲಕ್ಕೆ ಬಿತ್ತು. ಆಮೇಲೆ ವಾಂತಿ, ಆಮೇಲೆ ತಲೆಯೊಳಗೆ ಯಾರೋ ಕುಟ್ಟುವುದು... ಮಿಲ್ಲಿನ ಜೀಪಿನಲ್ಲಿ ಬಳ್ಳಾರಿಗೆ ಒಯ್ದರಂತೆ. ದಾರಿಯುದ್ದಕ್ಕೂ ನನ್ನ ತಲೆ ತನ್ನ ತೊಡೆಯ ಮೇಲಿಟ್ಟುಕೊಂಡು ಕುಳಿತವರು ಮಾಮ. ಅವರ ಕೈಯ ಸ್ಪಿರಿಟ್ ವಾಸನೆಯೊಂದು ನೆನಪಿದೆ.

ಬಳ್ಳಾರಿಯ ದೊಡ್ಡ ಡಾಕ್ಟರು ಕಣ್ಣಿನೊಳಗೆ ಲೈಟ್ ಬಿಟ್ಟು ನೋಡಿ, ಹಿಂಭಾಗದಲ್ಲಿ ರಕ್ತ ಒಸರಿದೆ, ಇನ್ನೊಂದು ದಿನ ತಡವಾಗಿದ್ದರೆ ಕಣ್ಣಲ್ಲ, ಜೀವವೇ ಹೋಗುತ್ತಿತ್ತು ಎಂದರು. ಗುಳಿಗೆ ಬಿಟ್ಟದ್ದನ್ನು ನನ್ನಿಂದಲೇ ಬಾಯಿ ಬಿಡಿಸಿ, ಯಾಕೆ ಬಿಟ್ಟೆ ಎಂದು ಗದರಿದರು. ಮಂಚದ ಕಾಲ ಬಳಿ ಮಾಮ ನಿಂತಿದ್ದರು. ಬಿಳಿ ಅಂಗಿಯ ಮೇಲೆ ನನ್ನ ವಾಂತಿಯ ಕಲೆ. ನಾನು ಅವರ ಕಡೆ ನೋಡದೆ, “ಐ ಫರ್ಗಾಟ್, ಡಾಕ್ಟರ್” ಎಂದೆ.

ಡಾಕ್ಟರು ಹೋದ ಮೇಲೆ ಮಾಮ ಹತ್ತಿರ ಬಂದರು. “ಹೆದರಿದ್ರ ಇನ್ನಷ್ಟು ಏರತೈತವ್ವ. ಮೂವತ್ತು ವರ್ಷ ನೋಡೀನಿ, ಖರೇ ಹೇಳಿದ ಕೂಡ್ಲೆ ಜನ ಕುಸೀತಾರ. ಅದಕ್ಕ ಪೇಷಂಟ್‌ಗೆ ಕಡಿಮಿ ಹೇಳೋದು ನಮ್ಮ ಪದ್ಧತಿ. ಚೀಟಿಯಾಗ ಖರೇನ ಬರೀತಿದ್ದೆ.” ಜಾರಿದ ನನ್ನ ಹೊದಿಕೆಯನ್ನು ಎಳೆದು ಸರಿಮಾಡಿದರು. “ನೀ ಗುಳಿಗಿ ಬಿಡ್ತೀ ಅಂತ ನನಗೇನು ಗೊತ್ತು, ಯವ್ವಾ?”

ನಾನು ಮಂಚದ ಆಚೆ ಬದಿಗೆ ನಿಂತಿದ್ದ ಅಪ್ಪನ ಕಡೆ ತಿರುಗಿ, “ನಿಮಗ ಗೊತ್ತಿತ್ತೇನು, ಅಪ್ಪ?” ಎಂದು ಕೇಳಿದೆ. ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದರು. ಮಾಮ ಮಾತು ಬದಲಿಸಿ, ಕುಡಿಯಲು ನೀರು ಬೇಕೇನು ಎಂದರು. ಕಡಿಮೆ ಹೇಳುವ ಪದ್ಧತಿ ಮಾಮನದೊಂದೇ ಆಗಿತ್ತೋ, ಸಂಬಂಧ ಕುದುರುವವರೆಗೆ ಹುಡುಗಿ ಕಂಗೆಡದಿರಲಿ ಎಂದು ಅಪ್ಪನೂ ಹೇಳಿದ್ದರೋ, ಇಬ್ಬರಲ್ಲಿ ಒಬ್ಬರೂ ಹೇಳದೆ ಹೋದರು. ನಾನೂ ಮತ್ತೆ ಕೇಳಲಿಲ್ಲ.

ಕಂಪ್ಲಿಯಿಂದ ಯಾವ ಸುದ್ದಿಯೂ ಬರಲಿಲ್ಲ. ನಾಲ್ಕು ವರ್ಷದ ಮೇಲೆ ಸಂಡೂರಿನಲ್ಲಿ ಗಣಿ ಆಫೀಸಿನ ಕ್ಲರ್ಕ್ ಒಬ್ಬರ ಜೊತೆ ನನ್ನ ಮದುವೆಯಾಯಿತು. ಅವರಿಗೆ ಎಲ್ಲ ಹೇಳಿಯೇ ಆಯಿತು, ನಾನೇ ಹೇಳಿದೆ. ಎಡಗಣ್ಣಿನ ಮೂಲೆಯಲ್ಲಿ ಬೆರಳಿನಿಂದ ಒರೆಸಿದಂತಹ ಮಸುಕು ಉಳಿಯಿತು. ಈ ಕಾಗದದ ಮೇಲೂ ಈಗ ಅದಿದೆ.

ಆಮೇಲೆ ತವರಿಗೆ ಬಂದಾಗಲೆಲ್ಲ ಹಿತ್ತಿಲ ಬಾಗಿಲಿನಿಂದ ಹೋಗುತ್ತಿದ್ದೆ. ಮಾಮ ಪೆಟ್ಟಿಗೆ ಹೊರತೆಗೆಯುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಅತ್ತಿ ಮಜ್ಜಿಗೆ ಕೊಡುತ್ತಿದ್ದರು, ಉಪ್ಪಿಲ್ಲದ್ದು. ಆ ಸಪ್ಪೆ ಮಜ್ಜಿಗೆಯನ್ನು ಲೋಟ ಖಾಲಿಯಾಗುವವರೆಗೆ ಕುಡಿದು ಬರುತ್ತಿದ್ದೆ. ಅವರ ಮೇಲೆ ಸಿಟ್ಟಿತ್ತೇ? ಇದ್ದಿರಬೇಕು. ಆದರೆ ಜೀಪಿನಲ್ಲಿ ನನ್ನ ತಲೆ ಹಿಡಿದಿದ್ದ ಕೈಯೂ ಅದೇ. ಒಂದನ್ನು ಬಿಟ್ಟು ಇನ್ನೊಂದನ್ನು ನೆನೆಯಲು ನನಗೆ ಬರುವುದಿಲ್ಲ.

ಮಾಮನನ್ನು ಕೊನೆಯ ಸಲ ನೋಡಿದ್ದು ತೊಂಬತ್ತನೇ ಇಸವಿಯ ಆಚೀಚೆ. ಅತ್ತಿ ತೀರಿಕೊಂಡು ವರ್ಷವಾಗಿತ್ತು. ಮಾಮ ಕಟ್ಟೆಯ ಮೇಲೆ ಕುಳಿತಿದ್ದರು, ಅಂಗಿಗೆ ಇಸ್ತ್ರಿ ಇರಲಿಲ್ಲ. ನಾನು ಎರಡು ಸಲ ಕೂಗಿದ ಮೇಲೆ ತಲೆಯೆತ್ತಿದರು.

“ಕಿವಿ ಹೋಗ್ಯಾವವ್ವ. ಜೋರು ಮಾತಾಡು.” ಆಮೇಲೆ, ಏನು ನೆನಪಾಯಿತೋ, “ಬಿ.ಪಿ. ಹೆಂಗೈತಿ?” ಎಂದರು.

“ನೀವ ನೋಡ್ರಿ, ಮಾಮ” ಎಂದೆ, ಜೋರಾಗಿ. ಯಾಕೆ ಹಾಗಂದೆನೋ.

ಅವರು ಒಳಗೆ ಹೋಗಿ ಪೆಟ್ಟಿಗೆ ತಂದರು. ಮುಚ್ಚಳ ಎತ್ತಿದರು. ನನ್ನ ತೋಳಿಗೆ ಪಟ್ಟಿ ಸುತ್ತಿದರು. ಸ್ಟೆತಾಸ್ಕೋಪನ್ನು ಕಿವಿಯ ತನಕ ಒಯ್ದು, ನಿಲ್ಲಿಸಿ, ತೆಗೆದು, ನನ್ನ ಕಿವಿಗೆ ಹಾಕಿದರು. ಆಮೇಲೆ ಪೆಟ್ಟಿಗೆಯನ್ನು ತಿರುಗಿಸಿದರು. ಮುಚ್ಚಳದ ಬೆನ್ನು ಅವರ ಕಡೆಗಾಯಿತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಪಾದರಸದ ಕೊಳವೆ ನನ್ನ ಕಡೆ.

“ಸದ್ದು ಎಲ್ಲಿ ಶುರುವಾಗತೈತಿ ನೋಡಿ ಹೇಳು. ನೀನ ಕೇಳು, ನೀನ ಹೇಳು.”

ಫುಸ್, ಫುಸ್... ಈ ಸಲ ಎಣಿಸಲಿಲ್ಲ. ಬೆಳ್ಳನೆಯ ಗೆರೆ ಏರಿತು, ನಿಧಾನ ಇಳಿಯಿತು. ನೂರಾ ಎಪ್ಪತ್ತೆರಡರ ಬಳಿ ನನ್ನದೇ ರಕ್ತ ಕಿವಿಯಲ್ಲಿ ಟಕ್ ಎಂದಿತು. ಟಕ್, ಟಕ್, ಟಕ್. ಮಾಮ ಗೋಡೆ ನೋಡುತ್ತಿರಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತಿದ್ದರು.

“ನೂರಾ ನಲವತ್ತು, ಮಾಮ” ಎಂದೆ.

“ಆಂ?”

“ನೂರಾ ನಲವತ್ತು! ತೊಂಬತ್ತು!”

ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಪಟ್ಟಿ ಬಿಚ್ಚಿ, ಮಡಚಿ, ಪೆಟ್ಟಿಗೆಯಲ್ಲಿಟ್ಟು, ಮುಚ್ಚಳ ಹಾಕಿದರು.

“ಗುಳಿಗಿ ಮಾತ್ರ ಬಿಡಬ್ಯಾಡವ್ವ” ಎಂದರು.

ಹಿತ್ತಿಲ ಬಾಗಿಲಲ್ಲಿ ನಿಂತು ತಿರುಗಿ ನೋಡಿದೆ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈ ಅದರ ಮೇಲಿಟ್ಟು, ಮಾಮ ಕಟ್ಟೆಯ ಮೇಲೆ ಹಾಗೆಯೇ ಕುಳಿತಿದ್ದರು.