ಬಾಣಂತನಕ್ಕೆ ರಜೆ

ನಮ್ಮ ಪ್ರಯೋಗಾಲಯದಲ್ಲಿ ವರ್ಷಕ್ಕೊಂದು ಪ್ರವಾಸ ಇರುತ್ತಿತ್ತು. ಬನ್ನಿ ಎಂದು ಯಾರೂ ಬಲವಂತ ಮಾಡುತ್ತಿರಲಿಲ್ಲ, ಆದರೆ ಬರುವುದಿಲ್ಲ ಎಂದವರನ್ನು ನಾನು ಜಪಾನಿನ ಒಕಾಜಾಕಿಗೆ ಬಂದ ಮೇಲೆ ಒಬ್ಬರನ್ನೂ ಕಾಣಲಿಲ್ಲ. ಆ ವರ್ಷ ಎಲೆ ಕೆಂಪಾಗುವ ಹೊತ್ತಿಗೆ, ಬಾಡಿಗೆಯ ಸಣ್ಣ ಬಸ್ಸಿನಲ್ಲಿ ಅಸುಕೆ, ಇವಾಮುರಾ, ಮಾಗೊಮೆ ಎಂಬ ಮೂರು ಹಳೆಯ ಊರುಗಳನ್ನು ಒಂದೇ ದಿನ ನೋಡಿ ಬರುವುದೆಂದು ನಿಶ್ಚಯವಾಯಿತು. ನಾನಾಗ ಪಿಎಚ್.ಡಿ.ಯ ಕೊನೆಯ ವರ್ಷದಲ್ಲಿದ್ದೆ. ಊರು ನೋಡುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ನನಗೆ ಬೇಕಾಗಿದ್ದುದು ಸೆನ್ಸೇ, ಅಂದರೆ ನಮ್ಮ ಪ್ರೊಫೆಸರ್, ಒಬ್ಬರೇ ಸಿಗುವ ಐದು ನಿಮಿಷ.

ಮೈಸೂರಿನಲ್ಲಿ ನನ್ನ ತಂಗಿಗೆ ದಿನ ತುಂಬುತ್ತಾ ಬಂದಿತ್ತು. ಚೊಚ್ಚಲ ಹೆರಿಗೆ, ಬಾಣಂತನ ತವರಿನದು. ತವರಿನಲ್ಲಿ ಅಮ್ಮ ಇಲ್ಲ. ನಾವಿಬ್ಬರೂ ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡಿದ್ದಳು. ಅಪ್ಪನಿಗೆ ಕಾಫಿ ಬೆರೆಸುವುದೊಂದು ಬಿಟ್ಟರೆ ಅಡುಗೆಮನೆಯ ಜೊತೆ ಬೇರೆ ವ್ಯವಹಾರವಿಲ್ಲ. ಉಳಿದವಳು ನಾನು. ಪ್ರವಾಸದ ಹಿಂದಿನ ದಿನ ತಂಗಿ ಫೋನ್ ಮಾಡಿದ್ದಳು.

"ಅಕ್ಕಾ, ನೀನು ಬರ್ತೀಯೋ ಇಲ್ವೋ, ನಾಳೆ ಹೇಳ್ಬಿಡು. ಬರಲ್ಲ ಅಂದ್ರೆ ಬೇಜಾರೇನಿಲ್ಲ, ಅತ್ತೆ ಮನೇಲೇ ಇದ್ಬಿಡ್ತೀನಿ. ಅವ್ರೂ ಪ್ಲಾನ್ ಮಾಡ್ಕೋಬೇಕಲ್ವಾ?"

ಬೇಜಾರೇನಿಲ್ಲ ಎನ್ನುವಾಗ ಅವಳ ಗಂಟಲು ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಸೆನ್ಸೇ ಪ್ರವಾಸದ ಮರುದಿನವೇ ಯೂರೋಪಿಗೆ ಹೊರಡುವವರಿದ್ದರು. ಕೇಳುವುದಿದ್ದರೆ ಪ್ರವಾಸದ ದಿನವೇ ಕೇಳಬೇಕಿತ್ತು.

ಆದರೆ ಪ್ರವಾಸದ ದಿನ ಕೆಲಸದ ಮಾತು ಎತ್ತಬಾರದೆಂಬುದು ನಮ್ಮ ಪ್ರಯೋಗಾಲಯದ ಹಳೆಯ ಕಟ್ಟಳೆ. ಎತ್ತಿದವರು ಬಸ್ಸಿನ ಮೈಕ್ ಹಿಡಿದು ಒಂದು ಹಾಡು ಹಾಡಬೇಕು. ಬೆಳಿಗ್ಗೆ ಬಸ್ಸು ಊರು ದಾಟುವ ಮೊದಲೇ ಒಬ್ಬ ಪಾಪ ಮೈಕ್ರೋಸ್ಕೋಪು ಕೆಟ್ಟಿದ್ದನ್ನು ಪಕ್ಕದವನಿಗೆ ಹೇಳಲು ಹೋಗಿ ಸಿಕ್ಕಿಬಿದ್ದು ಹಾಡಿದ. ಸಿಕ್ಕಿಸಿದವಳು ಪ್ರವಾಸದ ಉಸ್ತುವಾರಿ ಹೊತ್ತಿದ್ದ ಮಾಸ್ಟರ್ಸ್ ವಿದ್ಯಾರ್ಥಿನಿ. ಅವಳು ನಮ್ಮನ್ನು ಹತ್ತುವಾಗ ಒಂದು ಸಲ, ಕೂತ ಮೇಲೆ ಒಂದು ಸಲ, ಇಳಿಯುವಾಗ ಇನ್ನೊಂದು ಸಲ ಎಣಿಸುತ್ತಿದ್ದಳು. ಇಷ್ಟು ಸಲ ಎಣಿಸಿದರೆ ಯಾರಿಗಾದರೂ ಕಳೆದುಹೋಗೋಣ ಅನ್ನಿಸದೆ ಇರುತ್ತದೆಯೇ?

ನಾನು ಕಿಟಕಿಯ ಪಕ್ಕ ಕೂತು ಮನಸ್ಸಿನಲ್ಲೇ ಜಪಾನಿ ಭಾಷೆಯಲ್ಲಿ ನನ್ನ ಭಾಷಣವನ್ನು ಉರು ಹೊಡೆಯುತ್ತಿದ್ದೆ. ಒಂದೂವರೆ ತಿಂಗಳ ರಜೆ. ಅದೂ ಪ್ರಯೋಗ ನಡುವಿನಲ್ಲಿರುವಾಗ. ಮೆದಾಕಾ ಎಂಬ ಬೆರಳುದ್ದವೂ ಇಲ್ಲದ ಮೀನುಗಳನ್ನು ತಲೆಮಾರು ತಲೆಮಾರಾಗಿ ಸಾಕಿ ನೋಡುವುದು ನನ್ನ ಕೆಲಸ. ಸರಿಯಾಗಿ ನೋಡಿಕೊಳ್ಳದಿದ್ದರೆ ಒಂದು ವರ್ಷದ ಶ್ರಮ ನೀರುಪಾಲು. ಅದನ್ನೂ ಭಾಷಣದಲ್ಲಿ ಸೇರಿಸಿದ್ದೆ, ಸಾಕಷ್ಟು ವಿವರವಾಗಿಯೇ. ಆಮೇಲೆ ಬಾಣಂತನ ಎಂದರೇನೆಂದು ಹೇಳಬೇಕಿತ್ತು. ಎಣ್ಣೆನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಕಿವಿಗೆ ಹತ್ತಿ ಇಟ್ಟು ತಲೆಗೆ ಬಿಗಿದ ಸ್ಕಾರ್ಫು. ಬ್ಯಾಂಕಿನಲ್ಲಿ ಮ್ಯಾನೇಜರಾಗಿರುವ ನನ್ನ ತಂಗಿಯಂಥ ಹೆಂಗಸು ಗಾಳಿಗೆ ಹೆದರಿ ಕೋಣೆಯಲ್ಲಿ ಕೂರುತ್ತಾಳೆಂದು ಜಪಾನಿನ ಒಬ್ಬ ಜೀವವಿಜ್ಞಾನಿಗೆ ಹೇಗೆ ವಿವರಿಸುವುದು? ಖಂಡಿತ ಅರ್ಥವಾಗುವುದಿಲ್ಲ ಎಂದುಕೊಂಡೆ.

ಅಸುಕೆಯಲ್ಲಿ ಕಪ್ಪು ಹಲಗೆಯ ಗೋಡೆಗಳ ನಡುವೆ ಇಬ್ಬರು ಮಾತ್ರ ಜೊತೆಯಾಗಿ ನಡೆಯಬಹುದಾದ ಒಂದು ಓಣಿ ಇದೆ. ಓಡಿ ಹೋಗಿ ಸೆನ್ಸೇ ಪಕ್ಕಕ್ಕೆ ಸೇರಿಕೊಂಡೆ. ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಉಸ್ತುವಾರಿಯವಳ ದನಿ ಬಂತು, ಇಲ್ಲೇ ಗುಂಪಿನ ಫೋಟೋ ಎಂದು. ಎತ್ತರದವರು ಹಿಂದೆ, ಕುಳ್ಳರು ಮುಂದೆ. ಮುಂದಿನ ಸಾಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ನಗಬೇಕಾಯಿತು. ಎದ್ದು ನೋಡಿದರೆ ಸೆನ್ಸೇ ಓಣಿಯ ಆ ತುದಿಯಲ್ಲಿದ್ದರು.

ಇವಾಮುರಾದಲ್ಲಿ ಅಂಗಡಿ ಬೀದಿ. ಮನೆಯವರಿಗೂ ಅಕ್ಕಪಕ್ಕದ ಪ್ರಯೋಗಾಲಯದವರಿಗೂ ಏನಾದರೂ ತಿಂಡಿ ಒಯ್ಯಲೇಬೇಕೆಂಬ ರಿವಾಜಿನಿಂದ ಎಲ್ಲರೂ ಕೇಕಿನ ಅಂಗಡಿಗಳಿಗೆ ನುಗ್ಗಿದರು. ಸೆನ್ಸೇ ಮಾತ್ರ ಒಂದು ಗೂಡಂಗಡಿಯ ಮುಂದೆ ನಿಂತಿದ್ದರು. ಕಡ್ಡಿಗೆ ಅನ್ನದ ಉಂಡೆ ಸಿಕ್ಕಿಸಿ, ಅಕ್ರೋಟಿನ ಗೊಜ್ಜು ಸವರಿ ಕೆಂಡದ ಮೇಲೆ ಸುಡುತ್ತಿದ್ದರು ಅಲ್ಲಿ. ಇದೇ ಸಮಯ ಎಂದು ಹತ್ತಿರ ಹೋದೆ. ಅವರು ತಿರುಗಿ ಒಂದು ಕಡ್ಡಿಯನ್ನು ನನ್ನ ಕೈಗಿಟ್ಟರು.

"ಇದರಲ್ಲಿ ಮೀನಿನ ಸಾರ ಇಲ್ಲ. ವಿಚಾರಿಸಿದೆ. ಧೈರ್ಯವಾಗಿ ತಿನ್ನು."

ನಾನು ಸಸ್ಯಾಹಾರಿ ಎಂಬುದನ್ನು ನೆನಪಿಟ್ಟುಕೊಂಡು ನನಗಾಗಿ ವಿಚಾರಿಸಿದ್ದರು. ನನಗೆ ರೇಗಿಹೋಯಿತು. ಇಷ್ಟು ಒಳ್ಳೆಯವರಾಗಿ ನಿಂತವರ ಎದುರು, ನಿಮ್ಮ ಕೆಲಸವನ್ನು ನಡುನೀರಿನಲ್ಲಿ ಕೈಬಿಟ್ಟು ಹೋಗುತ್ತೇನೆ ಎಂದು ಯಾವ ಬಾಯಲ್ಲಿ ಹೇಳುವುದು? ಅರಿಗಾತೋ ಎಂದೆ, ತಿಂದೆ, ನಾಲಿಗೆ ಸುಟ್ಟುಕೊಂಡೆ.

ಬಸ್ಸಿನಲ್ಲಿ ಕೂರಲಾಗದೆ ಸೀಟು ಬದಲಿಸಿದೆ, ಮತ್ತೆ ಬದಲಿಸಿದೆ. ಫೋನು ತೆಗೆದು ನೋಡಿದೆ, ಒಳಗಿಟ್ಟೆ. ತಂಗಿ ಏನೂ ಕಳಿಸಿರಲಿಲ್ಲ. ಕಳಿಸಿದ್ದರೆ ಬೈಯಬಹುದಿತ್ತು.

ಮಾಗೊಮೆ ಎಂಬುದು ಇಡೀ ಊರೇ ಒಂದು ಏರು. ಕಲ್ಲು ಹಾಸಿದ ದಾರಿ ಮೇಲೆ ಮೇಲೆ ಹೋಗುತ್ತದೆ, ತುದಿಯಲ್ಲಿ ಬೆಟ್ಟ ಕಾಣುವ ಜಾಗ. ಅರ್ಧ ಹತ್ತುವಷ್ಟರಲ್ಲಿ ಸೆನ್ಸೇ, ಮಂಡಿ ನೋವು, ನೀವು ಹೋಗಿ ಬನ್ನಿ ಎಂದು ಚಹಾ ಅಂಗಡಿಯ ಬೆಂಚಿನ ಮೇಲೆ ಕೂತರು. ನಾನು ಶೂ ಲೇಸು ಕಟ್ಟುವ ನೆಪ ಮಾಡಿ ಹಿಂದುಳಿದೆ. ಗುಂಪು ತಿರುವಿನಲ್ಲಿ ಮರೆಯಾದದ್ದೇ ಹೋಗಿ ಎದುರು ನಿಂತೆ.

"ಕ್ಷಮಿಸಿ, ಸೆನ್ಸೇ, ಒಂದು ಮಾತು."

ತಂಗಿ, ಚೊಚ್ಚಲ, ಅಮ್ಮ ಇಲ್ಲ ಎನ್ನುವವರೆಗೆ ಬಂದಿದ್ದೆ. ಅವರು ಕೈ ಎತ್ತಿ ತಡೆದರು.

"ಹೆರಿಗೆಗೆ ತವರಿಗೆ ಬರುವುದು ತಾನೇ? ನಮ್ಮಲ್ಲೂ ಇದೆ. ನನ್ನ ಮಗಳು ಹೋದ ತಿಂಗಳು ಉರಯಾಸುವಿನ ತನ್ನ ಮನೆಯಿಂದ ಬಂದಿದ್ದಾಳೆ. ಮಗುವಿಗೀಗ ಮೂರು ವಾರ. ನನ್ನ ಹೆಂಡತಿಗೆ ನನ್ನ ಮುಖ ನೋಡಲೂ ಪುರುಸೊತ್ತಿಲ್ಲ. ಕೊಂಬಿನಿ ಅಂಗಡಿಯ ಡಬ್ಬಿ ಊಟ ತಿಂದುಕೊಂಡಿದ್ದೇನೆ."

ಜಪಾನಿಗೆ ಬಂದು ಇಷ್ಟು ವರ್ಷವಾಗಿದ್ದರೂ ಇದು ನನಗೆ ಗೊತ್ತೇ ಇರಲಿಲ್ಲ. ಯಾರನ್ನೂ ಕೇಳಿಯೂ ಇರಲಿಲ್ಲ.

"ನಿನ್ನ ಮೀನುಗಳನ್ನು ಪ್ರಯೋಗಾಲಯದವರೆಲ್ಲ ಸೇರಿ ನೋಡಿಕೊಳ್ಳುತ್ತಾರೆ. ಹೋಗಿ ಬಾ."

"ಒಂದೂವರೆ ತಿಂಗಳು, ಸೆನ್ಸೇ."

"ಸಾಕಾಗುತ್ತದೆಯೇ?"

ಸಂತೋಷವಾಗಬೇಕಿತ್ತು. ಆಗಲಿಲ್ಲ. ಬೆಳಗಿನಿಂದ ನಾನು ಚಡಪಡಿಸುತ್ತಿದ್ದುದು ಅವರು ಒಪ್ಪದಿದ್ದರೆ ಎಂಬ ಭಯಕ್ಕಲ್ಲ, ಒಪ್ಪಿಬಿಟ್ಟರೆ ಎಂಬ ಭಯಕ್ಕೆ. ಮೀನುಗಳ ಕಷ್ಟವನ್ನು ಅಷ್ಟು ವಿವರವಾಗಿ ಹೆಣೆದಿದ್ದು ಅವರ ಬಾಯಿಂದ ಇಲ್ಲ ಎನ್ನಿಸಲಿಕ್ಕೆ. ನಮ್ಮ ಪ್ರೊಫೆಸರ್ ಬಿಡಲಿಲ್ಲ ಕಣೇ ಎಂದು ತಂಗಿಗೆ ಹೇಳಿ ಅತ್ತುಬಿಡಬಹುದಿತ್ತು. ಬಾಣಂತನ ನನಗೇನು ಗೊತ್ತು? ಹಸುಗೂಸನ್ನು ಎತ್ತಿಕೊಂಡವಳೇ ಅಲ್ಲ. ಅಮ್ಮ ಮಾಡಬೇಕಾಗಿದ್ದ ಕೆಲಸದಲ್ಲಿ ನಾನು ಎಡವಿದರೆ, ಅಮ್ಮ ಇಲ್ಲ ಎಂಬುದು ಆ ಮನೆಯಲ್ಲಿ ಮತ್ತೊಮ್ಮೆ ಸಾಬೀತಾಗುತ್ತದೆ.

ನನ್ನ ಮುಖದಲ್ಲಿ ಏನು ಕಂಡರೋ, ಸೆನ್ಸೇ ಕೇಳಿದರು, "ಮಗುವಿಗೆ ಸ್ನಾನ ಮಾಡಿಸಲು ಬರುತ್ತದೆಯೇ?"

"ಇಲ್ಲ."

ಅವರು ಜಾಕೆಟ್ಟು ಬಿಚ್ಚಿ ಸುರುಳಿ ಸುತ್ತಿ ಎಡಗೈ ಮೇಲೆ ಮಲಗಿಸಿದರು. ಕತ್ತಿನ ಕೆಳಗೆ ಅಂಗೈ, ಹೆಬ್ಬೆರಳು ಒಂದು ಕಿವಿಗೆ, ನಡುಬೆರಳು ಇನ್ನೊಂದು ಕಿವಿಗೆ, ನೀರು ಹೋಗದ ಹಾಗೆ. ಹೆಂಡತಿ ಹೋದ ವಾರ ಕಲಿಸಿದಳಂತೆ. ನಮ್ಮಲ್ಲಿ ಕಾಲು ನೀಡಿ ಕೂತು ಕಾಲ ಮೇಲೆ ಮಲಗಿಸಿ ಎರೆಯುತ್ತಾರೆ ಎಂದೆ. ಹಾಗಾದರೆ ಅದನ್ನೇ ತೋರಿಸು ಎಂದರು. ಬೆಂಚಿನ ಮೇಲೆ ಕಾಲು ನೀಡಿ ಅವರ ಜಾಕೆಟ್ಟನ್ನು ಬೋರಲು ಮಲಗಿಸಿಕೊಂಡೆ.

"ತುಂಬಾ ಬಿಗಿಯಾಗಿ ಹಿಡಿದಿದ್ದೀಯ," ಎಂದರು.

ಒಬ್ಬಳು ಕಡಿಮೆ ಎಂದು ಹುಡುಕಿಕೊಂಡು ಇಳಿದು ಬಂದ ಉಸ್ತುವಾರಿಯವಳು ನಮ್ಮನ್ನು ನೋಡಿ ಅಲ್ಲೇ ನಿಂತಳು. ಕೆಲಸದ ಮಾತೇನೂ ಆಡಲಿಲ್ಲ ತಾನೇ ಎಂದು ಅನುಮಾನದಿಂದ ಕೇಳಿದಳು. ಮೀನಿನ ಹೆಸರೆತ್ತಿದ್ದು ನಾನೇ ಎಂದು ಸೆನ್ಸೇ ಒಪ್ಪಿಕೊಂಡರು. ಬಸ್ಸು ಇಳಿಜಾರಿನಲ್ಲಿ ಹೊರಟಾಗ ಯಾವುದೋ ಹಳೆಯ ಹಾಡನ್ನು ಅಷ್ಟೇನೂ ಶ್ರುತಿಯಿಲ್ಲದೆ ಪೂರ್ತಿ ಹಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಲಕ್ಷ್ಯ ಮಾತ್ರ ಅಲ್ಲಿರಲಿಲ್ಲ.

ಹೆದ್ದಾರಿಯ ಪಕ್ಕ ಬಸ್ಸು ಸ್ವಲ್ಪ ಹೊತ್ತು ನಿಂತಿತು. ಕೆಳಗಿಳಿದು, ಪಾನೀಯದ ಯಂತ್ರಗಳ ಹಿಂದೆ ಹೋಗಿ ತಂಗಿಗೆ ಫೋನ್ ಮಾಡಿದೆ.

"ರಜಾ ಸಿಕ್ತು. ಬರ್ತೀನಿ."

ಅವಳು ಉತ್ತರಿಸುವವರೆಗೂ ನನಗೇ ತಡೆಯಲಾಗಲಿಲ್ಲ. "ನೋಡೇ, ನಂಗೆ ಏನೂ ಬರಲ್ಲ. ಮಗು ಎತ್ಕೊಳೋಕೂ ಬರಲ್ಲ. ನಿಮ್ಮತ್ತೆಗಾದ್ರೆ ಎಲ್ಲಾ ಗೊತ್ತಿರತ್ತೆ. ಸರಿಯಾಗಿ ಯೋಚ್ನೆ ಮಾಡು."

"ಅದನ್ನೆಲ್ಲ ಅತ್ತೇನೇ ಬಂದು ಹೇಳ್ಕೊಡ್ತಾರೆ ಬಿಡು," ಎಂದಳು. ಆಮೇಲೆ, "ನೋವು ಬಂದಾಗ ನಾನು ಅಮ್ಮಾ ಅಂತ ಕೂಗ್ತೀನಲ್ಲ ಅಕ್ಕ, ಆಗ ನಾನು ಯಾರನ್ನ ಕೂಗ್ತಿದೀನಿ ಅಂತ ಗೊತ್ತಿರೋರು ಒಬ್ರು ಅಲ್ಲಿರ್ಬೇಕು. ನಂಗೆ ಅಷ್ಟು ಸಾಕು," ಎಂದಳು.

ನನಗೆ ಅಳು ಬಂತು. ಯಂತ್ರಗಳ ಹಿಂದೆ ನಿಂತು ಅತ್ತುಬಿಟ್ಟೆ, ಅವಳೂ ಅತ್ತಳು.

"ಬರ್ತೀನಿ ಕಣೇ," ಎಂದೆ. ಮೊದಲು ಹಾಗೆಂದಿದ್ದು ರಜೆ ಸಿಕ್ಕಿಬಿಟ್ಟಿತಲ್ಲ ಎಂದು. ಈ ಸಲ ಹೋಗಬೇಕು ಅನ್ನಿಸಿ ಹೇಳಿದೆ.